ಹುಬ್ಬಳ್ಳಿ–ಮಂಗಳೂರು ವಿಮಾನ: ಎಷ್ಟು ದೂರ, ಎಷ್ಟು ಹೊತ್ತು?

ಹುಬ್ಬಳ್ಳಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದ್ದೀರಿ. ನೇರ ಗೆರೆ ಎಳೆದರೆ ಸುಮಾರು 267 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್ 72 ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನಕ್ಕೆ ಲೆಕ್ಕದಲ್ಲಿ ಅರ್ಧ ಗಂಟೆ ಸಾಕು. ಆದರೆ ಮೇಲೇರಿ, ಇಳಿದು, ರನ್‌ವೇ ತನಕ ಸಾಗುವುದೆಲ್ಲ ಸೇರಿ ಒಂದು ಗಂಟೆ ಹಿಡಿಯಿರಿ.

ಟಿಕೆಟ್ ಹುಡುಕುವಾಗ 'ನಾನ್‌ಸ್ಟಾಪ್' ಒತ್ತಿ ನೋಡಿ. ಏನೂ ಬಾರದಿದ್ದರೆ ಬೆಂಗಳೂರಿನ ಮೇಲೆ ಹೋಗಬೇಕು: 370 + 306, ಒಟ್ಟು 676 ಕಿ.ಮೀ. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಇರಲಿ. ಬೇರೆ ಬೇರೆ ತೆಗೆದರೆ, ಮೊದಲನೆಯದು ತಡವಾದಾಗ ಎರಡನೆಯದರ ದುಡ್ಡು ಹೋದಂತೆಯೇ. ಲಗೇಜನ್ನೂ ಮತ್ತೆ ಚೆಕ್-ಇನ್ ಮಾಡಬೇಕು. ಮಳೆಗಾಲದಲ್ಲಂತೂ ಜಾಗ್ರತೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯದು ಗುಡ್ಡದ ಮೇಲಿನ ರನ್‌ವೇ, ಮೋಡ ಕವಿದರೆ ಎಷ್ಟೋ ಸಲ ವಿಮಾನವನ್ನು ಬೆಂಗಳೂರಿಗೇ ತಿರುಗಿಸುತ್ತಾರೆ.

ಅಂಕೋಲಾ ಮೇಲೆ ರಸ್ತೆ ಸುಮಾರು 350 ಕಿ.ಮೀ. ಬೆಂಗಳೂರಲ್ಲಿ ನಾಲ್ಕು ಗಂಟೆ ಕಾಯುವಂತಿದ್ದರೆ ರಾತ್ರಿ ಬಸ್ಸೇ ವಾಸಿ.