ಕರ್ನಾಟಕ ಸಂಗೀತ ಕೇಳಿ ಬೆಳೆದವರು ಎಲೆಕ್ಟ್ರಾನಿಕ್ ಸಂಗೀತವನ್ನು ಎಲ್ಲಿಂದ ಶುರು ಮಾಡಬೇಕು?

ಎಲೆಕ್ಟ್ರಾನಿಕ್ ಸಂಗೀತ ಅಂದರೆ ನಿಮಗೆ ಬರೀ ಡಬ ಡಬ ಅನ್ನಿಸುತ್ತದೆ, ಒಬ್ಬರೇ ಕೂತು ಮಾಡಿದ ಒಂದೇ ಒಂದು ಆಲ್ಬಮ್ ಹೇಳಿ ಅಂತ ಕೇಳಿದ್ದೀರಿ. ನಾನು ಹೇಳೋದು ಚರಣಜಿತ್ ಸಿಂಗ್ ಅವರ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. 1982ರಲ್ಲಿ ಬಂದದ್ದು. ಹತ್ತು ಹಿಂದೂಸ್ತಾನಿ ರಾಗ, ಕೆಳಗೆ ಡಿಸ್ಕೋ ತಾಳ, ಅಷ್ಟೇ. ಹಾಡುವವರು ಯಾರೂ ಇಲ್ಲ. ಡಬ ಡಬ ಇದೆ, ಅದನ್ನು ಮುಚ್ಚಿಡೋದಿಲ್ಲ.

ನಾನು ಮೈಸೂರಿನವನು, ತುಂಬಾ ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದ್ದೇನೆ. ಸಿಂಗ್ ಕೂಡ ಮುಂಬೈಯಲ್ಲಿ ಸಿನಿಮಾ ಹಾಡುಗಳ ರೆಕಾರ್ಡಿಂಗ್‌ಗೆ ಗಿಟಾರ್, ಬೇಸ್ (ಕೆಳಗಿನ ಸ್ವರಗಳ ಗಿಟಾರ್) ನುಡಿಸುತ್ತಿದ್ದವರು. ಹಾಗಾಗಿ ಅವರ ಮೇಲೆ ನನಗೆ ಪಕ್ಷಪಾತ ಇದೆ ಅಂತಲೇ ಇಟ್ಟುಕೊಳ್ಳಿ.

ಒಮ್ಮೆ ಮಂಡ್ಯದಲ್ಲಿ ಗಣೇಶನ ಕಾರ್ಯಕ್ರಮ. ಬೇಸ್ ಗಿಟಾರ್ ನುಡಿಸುವವನು ಬರಲೇ ಇಲ್ಲ. ಎಡಗೈಯಲ್ಲಿ ಬೇಸ್, ಬಲಗೈಯಲ್ಲಿ ಲೀಡ್ ಅಂದರೆ ಹಾಡಿನ ಮುಖ್ಯ ಧಾಟಿ, ಎರಡೂ ನನ್ನ ತಲೆಗೇ ಬಂತು. ನಾಲ್ಕನೇ ಹಾಡಿಗೆ ಎಡಗೈ ಹಿಡಿದುಕೊಂಡಿತು. ಕಿರುಬೆರಳು ಮಡಚಲೂ ಆಗುತ್ತಿರಲಿಲ್ಲ. ರೋಲ್ಯಾಂಡ್ ಕಂಪನಿ 1981ರಲ್ಲಿ ಟಿಬಿ-303 ಅನ್ನುವ ಪುಟ್ಟ ಪೆಟ್ಟಿಗೆ ತಂದದ್ದು ಇಂಥವರಿಗಾಗಿಯೇ. ಬೇಸ್ ನುಡಿಸುವವನಿಲ್ಲದಿದ್ದರೆ ಅವನ ಜಾಗಕ್ಕೆ ಇದು. ಹದಿನಾರು ಮನೆಗಳಲ್ಲಿ ಸ್ವರ ತುಂಬಿಸಿಟ್ಟರೆ ಸುತ್ತಿ ಸುತ್ತಿ ಅದನ್ನೇ ನುಡಿಸುತ್ತದೆ. ನಿಜವಾದ ಬೇಸ್ ಗಿಟಾರ್ ಥರ ಅದು ಕೇಳಿಸಲೇ ಇಲ್ಲ. ಕೊಳ್ಳುವವರೂ ಕಮ್ಮಿ. 1984ಕ್ಕೆ ನಿಲ್ಲಿಸಿಬಿಟ್ಟರು.

ಸಿಂಗ್ ಈ ಆಲ್ಬಮ್‌ಗೆ 303ರ ಜೊತೆಗೆ ಅದೇ ಕಂಪನಿಯ ಟಿಆರ್-808 ರಿದಮ್ ಪೆಟ್ಟಿಗೆ ಇಟ್ಟುಕೊಂಡರು. ಎರಡಕ್ಕೂ ಒಂದು ವೈರ್ ಕೊಟ್ಟರೆ ಒಂದೇ ಲಯದಲ್ಲಿ ಓಡುತ್ತವೆ. ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಅನ್ನುವ ಪದ್ಧತಿ ಬಂದದ್ದೇ 1983ರಲ್ಲಿ, ಆಗ ಇದ್ದದ್ದು ಇಷ್ಟೇ ಸೌಕರ್ಯ. ತಾಳವೂ ಬೇಸೂ ತಮ್ಮಷ್ಟಕ್ಕೆ ನಡೆಯುತ್ತಿದ್ದರೆ ಎರಡು ಕೈಯೂ ಖಾಲಿ ಅಲ್ವಾ? ಆ ಕೈಗಳಲ್ಲಿ ಜುಪಿಟರ್-8 ಅನ್ನುವ ಸಿಂಥಸೈಜರ್ (ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ಕೀಬೋರ್ಡ್) ಮೇಲೆ ರಾಗ ನುಡಿಸಿದರು. ನೀವು ಕೇಳಬೇಕಾದ್ದು ಆ ಕೈಯನ್ನು.

303ರಲ್ಲಿ ಸ್ಲೈಡ್ ಅಂತ ಇದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ನಮ್ಮ ಜಾರು ಗಮಕವೇ, ಆದರೆ ಯಾವಾಗಲೂ ಒಂದೇ ಥರ. ಮೂಗು ಕಟ್ಟಿದವರು ಕೆಳಗಿನ ಸ್ಥಾಯಿಯಲ್ಲಿ ರಾಗ ಎಳೆದ ಹಾಗೆ ಕೇಳಿಸುತ್ತದೆ. ಮೊದಲು ನಗು ಬರಬಹುದು. ಆಮೇಲೆ ಹಿಡಿಸುತ್ತದೆ.

ಲಕ್ಷ್ಮೀಪುರಂನಲ್ಲಿ ನನ್ನ ಸೋದರತ್ತೆ ಇದ್ದಾರೆ, ಮನೆಯಲ್ಲೇ ವೀಣೆ ಪಾಠ ಹೇಳುತ್ತಾರೆ. ಅವರೆಕಾಳು ಹಿದುಕುತ್ತಾ ಕೂತಿದ್ದಾಗ ಸುಮ್ನೆ ಹಾಕಿದೆ. ಭೂಪಾಲಿ ಬಂತು. "ಮೋಹನ ಕಣೋ," ಅಂದರು, ಕೈ ನಿಲ್ಲಿಸದೆ. ತೋಡಿ ಬಂದಾಗ ಕೈ ನಿಂತಿತು.

"ಇದೇನು ರಾಗ ಅಂದೆ?"

"ತೋಡಿ ಅತ್ತೆ."

"ಯಾವನೋ ಹೇಳಿದ್ದು? ಇದು ಶುಭಪಂತುವರಾಳಿ!"

ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮಲ್ಲಿ ಶುಭಪಂತುವರಾಳಿ ಅಂತ ವಿವರಿಸುವಷ್ಟರಲ್ಲಿ ಸಾಕಾಯಿತು. ಆದರೆ ನೋಡಿ, ಅಷ್ಟು ಡಬ ಡಬದ ನಡುವೆಯೂ ಎಪ್ಪತ್ತು ದಾಟಿದ ವೀಣೆ ಟೀಚರ್‌ಗೆ ರಾಗ ಸಿಕ್ಕಿತು. ನಿಮಗೂ ಸಿಗುತ್ತದೆ. ಯಮನ್ ಬಂದರೆ ಕಲ್ಯಾಣಿ ನೆನಪಿಸಿಕೊಳ್ಳಿ, ಮಾಲ್‌ಕೌನ್ಸ್ ಬಂದರೆ ಹಿಂದೋಳ, ಬೈರಾಗಿಗೆ ರೇವತಿ.

ಕೊರತೆಯೂ ಇದೆ. ತಾಳ ಹೆಚ್ಚು ಕಮ್ಮಿ ಎಲ್ಲದಕ್ಕೂ ಒಂದೇ. ಹತ್ತನ್ನೂ ಒಟ್ಟಿಗೆ ಕೇಳಿದರೆ ಐದನೆಯದಕ್ಕೆ ತಲೆ ಚಿಟ್ಟು ಹಿಡಿಯುತ್ತದೆ. ದಿನಕ್ಕೆ ಎರಡು ಸಾಕು. ಫೋನ್ ಸ್ಪೀಕರ್‌ನಲ್ಲಂತೂ ಬೇಡ, ಬೇಸ್ ಪೂರ್ತಿ ಮಾಯ. ಹೆಡ್‌ಫೋನ್ ಹಾಕಿಕೊಳ್ಳಿ.

ಹುಡುಕಿದರೆ 'ಆಸಿಡ್ ಹೌಸ್ ಅನ್ನುವ ಡ್ಯಾನ್ಸ್ ಸಂಗೀತ ಹುಟ್ಟಿದ್ದೇ ಇದರಿಂದ' ಅನ್ನುವ ಮಾತು ಸಿಗುತ್ತದೆ. ಅದನ್ನು ಅಷ್ಟು ನಂಬಬೇಡಿ. ಶಿಕಾಗೋದ ಹುಡುಗರು ಇದೇ 303 ಇಟ್ಟುಕೊಂಡು ಆ ಸದ್ದು ತೆಗೆದು ರೆಕಾರ್ಡ್ ತಂದದ್ದು 1987ರಲ್ಲಿ, ನಿಜ. ಆದರೆ ಸಿಂಗ್ ಅವರ ಆಲ್ಬಮ್ ಬಂದಾಗ ನಮ್ಮಲ್ಲೇ ಯಾರೂ ಮೂಸಿ ನೋಡಿರಲಿಲ್ಲ, ಅಲ್ಲಿಗೆಲ್ಲಿ ತಲುಪಬೇಕು? ಪೆಟ್ಟಿಗೆ ಒಂದೇ, ಸದ್ದೂ ಒಂದೇ, ಅಷ್ಟೇ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನವರು ಮತ್ತೆ ಹೊರತಂದ ಮೇಲೆ ಹೆಸರಾಯಿತು. ಆಗ ಸಿಂಗ್ ಬದುಕಿದ್ದರು, 2015ರಲ್ಲಿ ತೀರಿಕೊಂಡರು.

ಮೊದಲು ಭೂಪಾಲಿ ಹಾಕಿ, ಆಮೇಲೆ ಮಾಲ್‌ಕೌನ್ಸ್. ಅತ್ತೆ ಈಗಲೂ ಹೋದಾಗೆಲ್ಲ ಅದನ್ನೇ ಹಾಕಿಸುತ್ತಾರೆ. "ಆ ಹಿಂದೋಳ ಹಾಕೋ. ಆ ಡಬ ಡಬ ಮಾತ್ರ ಸ್ವಲ್ಪ ಕಮ್ಮಿ ಮಾಡು." ಎರಡೂ ಒಟ್ಟಿಗೇ ಬರೋದು ಅತ್ತೆ, ಬೇರೆ ಮಾಡೋಕಾಗಲ್ಲ ಅಂತ ಪ್ರತಿ ಸಲವೂ ಹೇಳುತ್ತೇನೆ.