ಬೇಹುಗಾರಿಕೆ ಉಪಗ್ರಹಕ್ಕೆ ಎಷ್ಟು ಕಾಣುತ್ತದೆ?

ಪ್ರಶ್ನೆ: ಬೇಹುಗಾರಿಕೆ ಉಪಗ್ರಹಗಳು ಒಂದೇ ಜಾಗವನ್ನು ಹಗಲಿರುಳೂ ನೋಡುತ್ತಿರುತ್ತವೆಯೇ? ವಾಹನಗಳ ನಂಬರ್ ಪ್ಲೇಟನ್ನೂ ಅವು ಓದಬಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ಸಾಧ್ಯವಿಲ್ಲ. ಉಪಗ್ರಹವೊಂದು ಆಕಾಶದಲ್ಲಿ ನಿಂತಲ್ಲೇ ನಿಂತಂತೆ ಕಾಣಬೇಕಾದರೆ ಅದು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರಬೇಕು, ಅಷ್ಟು ದೂರದಿಂದ ಸೂಕ್ಷ್ಮ ವಿವರಗಳು ಸಿಗುವುದಿಲ್ಲ. ಆದ್ದರಿಂದ ಚಿತ್ರ ತೆಗೆಯುವ ಬೇಹುಗಾರಿಕೆ ಉಪಗ್ರಹಗಳನ್ನು ಸಾಮಾನ್ಯವಾಗಿ ಕೆಲವು ನೂರು ಕಿ.ಮೀ. ಎತ್ತರದಲ್ಲಿ, ಧ್ರುವಗಳ ಸಮೀಪ ಹಾದುಹೋಗುವ ಕಕ್ಷೆಗಳಲ್ಲಿ ಇರಿಸುತ್ತಾರೆ. ಸೆಕೆಂಡಿಗೆ ಏಳೂವರೆ ಕಿ.ಮೀ.ಯಷ್ಟು ವೇಗದಲ್ಲಿ ಸಾಗುವ ಅವು ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತವೆ. ಅಷ್ಟರಲ್ಲಿ ಭೂಮಿಯೂ ತಿರುಗಿರುವುದರಿಂದ ಪ್ರತಿ ಸುತ್ತಿನಲ್ಲೂ ಬೇರೆ ಪ್ರದೇಶ ಕೆಳಗೆ ಬರುತ್ತದೆ. ಹೀಗಾಗಿ ಒಂದು ಊರು ಒಂದು ಸುತ್ತಿನಲ್ಲಿ ದೃಷ್ಟಿಗೆ ಬೀಳುವುದು ಕೆಲವೇ ನಿಮಿಷ.

ಇನ್ನು ನಂಬರ್ ಪ್ಲೇಟಿನ ವಿಷಯ. ಹಬಲ್ ದೂರದರ್ಶಕದಲ್ಲಿರುವಂಥ 2.4 ಮೀಟರ್ ಅಗಲದ ದರ್ಪಣವನ್ನು 250 ಕಿ.ಮೀ. ಎತ್ತರದಿಂದ ಭೂಮಿಯತ್ತ ತಿರುಗಿಸಿದರೂ, ಬೆಳಕಿನ ತರಂಗಸ್ವಭಾವದ ಕಾರಣ ಆರೇಳು ಸೆಂಟಿಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಬೆರೆತು ಒಂದೇ ಆಗಿಬಿಡುತ್ತವೆ. ಕಾರನ್ನು ಗುರುತಿಸಬಹುದು, ಅದರ ಮೇಲಿನ ಅಕ್ಷರಗಳನ್ನಲ್ಲ. ನಮ್ಮ ಕಾರ್ಟೋಸ್ಯಾಟ್-3 ಸುಮಾರು 25 ಸೆಂ.ಮೀ. ಗಾತ್ರದ ವಿವರಗಳನ್ನು ತೋರಿಸಬಲ್ಲದು. ನಾಗರಿಕ ಬಳಕೆಯ ಉಪಗ್ರಹಕ್ಕೆ ಇದು ನಿಜಕ್ಕೂ ಹೆಮ್ಮೆಪಡಬೇಕಾದ ಸಾಮರ್ಥ್ಯ.

ಚಿತ್ರಗಳನ್ನು ಕೆಳಗಿಳಿಸುವುದೂ ಮೊದಲು ಸುಲಭವಿರಲಿಲ್ಲ. 1960ರ ಆಗಸ್ಟಿನಲ್ಲಿ ಅಮೆರಿಕದ ಕರೋನಾ ಯೋಜನೆಯ ಉಪಗ್ರಹವೊಂದು ಸೋವಿಯತ್ ನೆಲದ ಚಿತ್ರಗಳಿದ್ದ ಫಿಲ್ಮ್ ಸುರುಳಿಯನ್ನು ಪುಟ್ಟ ಕೋಶವೊಂದರಲ್ಲಿ ಕೆಳಕ್ಕೆ ಕಳಿಸಿತು. ಹವಾಯಿ ಸಮೀಪ ಪ್ಯಾರಾಚೂಟ್‌ನಲ್ಲಿ ಇಳಿಯುತ್ತಿದ್ದ ಅದನ್ನು ವಿಮಾನವೊಂದು ತನ್ನ ಹಿಂಬದಿಯಲ್ಲಿ ಇಳಿಬಿಟ್ಟ ಕೊಕ್ಕೆಗಳಿಂದ ಗಾಳಿಯಲ್ಲೇ ಹಿಡಿಯಿತು. 1976ರಲ್ಲಿ ಹಾರಿದ ಅಮೆರಿಕದ ಕೆಎಚ್-11 ಉಪಗ್ರಹ ಚಿತ್ರಗಳನ್ನು ರೇಡಿಯೊ ಸಂಕೇತಗಳಾಗಿಯೇ ಕಳಿಸತೊಡಗಿತು. ಮೋಡ, ಕತ್ತಲೆಗಳ ಅಡ್ಡಿಯನ್ನು ದಾಟಲು ರೇಡಾರ್ ಉಪಗ್ರಹಗಳಿವೆ. 2009ರಲ್ಲಿ ಭಾರತ ಉಡಾಯಿಸಿದ ರಿಸ್ಯಾಟ್-2 ಆ ಬಗೆಯದಾಗಿತ್ತು.

ಆದರೂ ಕಕ್ಷೆಯ ಲೆಕ್ಕ ಬಲ್ಲವರು ಈ ಕಣ್ಗಾವಲನ್ನು ತಪ್ಪಿಸಬಲ್ಲರು. 1995ರಲ್ಲಿ ರಾಜಸ್ಥಾನದ ಪೋಖ್ರಣ್‌ನಲ್ಲಿ ಭಾರತ ನಡೆಸಿದ್ದ ಅಣ್ವಸ್ತ್ರ ಪರೀಕ್ಷೆಯ ಸಿದ್ಧತೆಗಳು ಅಮೆರಿಕದ ಉಪಗ್ರಹಗಳ ಕಣ್ಣಿಗೆ ಬಿದ್ದಿದ್ದವು. 1998ರಲ್ಲಿ ನಮ್ಮವರು ಆ ಉಪಗ್ರಹಗಳು ಹಾದುಹೋಗುವ ವೇಳೆಯನ್ನು ಅರಿತು, ಹೆಚ್ಚಿನ ಕೆಲಸವನ್ನು ರಾತ್ರಿಯಲ್ಲೇ ಮುಗಿಸಿ, ಬೆಳಗಾಗುವ ಮೊದಲು ಯಂತ್ರಗಳನ್ನು ಇದ್ದ ಜಾಗದಲ್ಲೇ ತಂದು ನಿಲ್ಲಿಸುತ್ತಿದ್ದರು. ಮೇ 11ರ ಪರೀಕ್ಷೆಯ ವಿಷಯ ಅಮೆರಿಕ ಸರ್ಕಾರಕ್ಕೆ ತಿಳಿದದ್ದು ಭಾರತವೇ ಅದನ್ನು ಪ್ರಕಟಿಸಿದ ಮೇಲೆ.