ಎಪಾಕ್ಸಿ ನೆಲದ ಮೇಲೆ ಬೆಳಿಗ್ಗೆ ಬಿಳಿ ಜಿಡ್ಡು: ಮಾಲು ಕಳಪೆನಾ?

ಗೌರಿಬಿದನೂರಿನ ಗೋಡೌನ್‌ಗೆ ಸಂಜೆ ಎಪಾಕ್ಸಿ (ರೆಸಿನ್, ಹಾರ್ಡ್‌ನರ್ ಅನ್ನೋ ಎರಡು ಡಬ್ಬಿ ಕಲಸಿ ನೆಲಕ್ಕೆ ಬಳಿಯುವ ಕೋಟಿಂಗ್) ಹೊಡೆಸಿದಿರಿ, ಬೆಳಿಗ್ಗೆ ನೋಡಿದರೆ ಬೆಳ್ಳಗೆ ಮಂಕಾಗಿದೆ, ಮುಟ್ಟಿದರೆ ಜಿಡ್ಡು, ಮಳೆಯಂತೂ ಬಂದಿರಲಿಲ್ಲ, ಹಾಗಾದರೆ ಮಾಲೇ ಕಳಪೆನಾ ಅಂತ ಕೇಳಿದ್ದೀರಿ. ಅಂಗಡಿಯವನ ಮೇಲೆ ಈಗಲೇ ಜಗಳಕ್ಕೆ ಹೋಗಬೇಡಿ. ನಾನು ತುಮಕೂರಿನಲ್ಲಿ ಇದೇ ಕೆಲಸ ಮಾಡಿಸುವವನು. ಇಲ್ಲಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲೂ ಚಳಿ ಶುರುವಾದರೆ ಇದೇ ಗೋಳು.

ಹಾರ್ಡ್‌ನರ್‌ನಲ್ಲಿ ಅಮೀನ್ ಅನ್ನೋ ರಾಸಾಯನಿಕ ಇರುತ್ತದೆ. ಅದು ರೆಸಿನ್ ಜೊತೆ ಸೇರಿ ಗಟ್ಟಿಯಾಗಬೇಕು. ನೆಲ ತಣ್ಣಗಿದ್ದು ಮೇಲೆ ತೇವ ಕೂತರೆ ಅಮೀನ್‌ನಲ್ಲಿ ಸ್ವಲ್ಪ ಭಾಗ ನೀರು ಮತ್ತು ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಈ ಬಿಳಿ ಪೊರೆ ಕಟ್ಟುತ್ತದೆ. ಅಮೀನ್ ಬ್ಲಶ್ ಅಂತಾರೆ.

ಎಲ್ಲರೂ ಗಾಳಿಯ ತೇವಾಂಶ 85% ದಾಟಬಾರದು ಅನ್ನೋದನ್ನಷ್ಟೇ ಹಿಡಿದುಕೊಂಡಿರುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ನೆಲದ ಬಿಸಿ. ಗಾಳಿ 25 ಡಿಗ್ರಿ, ತೇವಾಂಶ 80% ಇದ್ದರೆ ಸುಮಾರು 21 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. ನೆಲ ಅದಕ್ಕಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇರಬೇಕು, ಅಂದರೆ 24ರ ಮೇಲೆ. ಮಾಲು ಹಾಕುವಾಗ ಮಾತ್ರ ಅಲ್ಲ, ಗಟ್ಟಿಯಾಗುವ ತನಕವೂ. ಸಂಜೆ ಐದಕ್ಕೆ ರೋಲರ್ ಹಿಡಿದರೆ, ರಾತ್ರಿ ನೆಲ ತಣ್ಣಗಾಗುವಾಗ ಇದು ಆಗುತ್ತಾ? ಹಾಗಂತ ಬೆಳಿಗ್ಗೆ ಬಿಸಿಲು ಬಿದ್ದು ಕಾಂಕ್ರೀಟ್ ಕಾಯುತ್ತಿರುವಾಗ ಹಾಕಿದರೆ ಒಳಗಿನ ಗಾಳಿ ಹಿಗ್ಗಿ ಮೇಲೆ ಬಂದು ಗುಳ್ಳೆ ಏಳುತ್ತದೆ. ಹಾಗಾಗಿ ನನ್ನ ಲೆಕ್ಕ, ನೆಲ ಚೆನ್ನಾಗಿ ಕಾದ ಮೇಲೆ ಮಧ್ಯಾಹ್ನ ಹಾಕಿ ಮುಗಿಸಬೇಕು. ಗಾಳಿಯ ತೇವಾಂಶ ನೋಡೋಕೆ ಒಂದು ಹೈಗ್ರೋಮೀಟರ್, ನೆಲದ ಬಿಸಿ ನೋಡೋಕೆ ಒಂದು ಗನ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಇಬ್ಬನಿ ಎಷ್ಟು ಡಿಗ್ರಿಗೆ ಕಟ್ಟುತ್ತೆ ಅಂತ ಮೊಬೈಲ್‌ನಲ್ಲೇ ಲೆಕ್ಕ ಸಿಗುತ್ತದೆ.

ಕೆಲವರು ಬೇಗ ಒಣಗಲಿ ಅಂತ ಗ್ಯಾಸ್ ಒಲೆ, ಇದ್ದಿಲ ಕೆಂಡ ಇಡುತ್ತಾರೆ. ದಯವಿಟ್ಟು ಬೇಡ. ಗ್ಯಾಸ್ ಉರಿದರೆ ನೀರಾವಿ, ಕಾರ್ಬನ್ ಡೈಆಕ್ಸೈಡ್ ಎರಡೂ ಬರುತ್ತವೆ, ಪೊರೆಗೆ ಬೇಕಾದ್ದನ್ನೆಲ್ಲ ನೀವೇ ತಂದುಕೊಟ್ಟ ಹಾಗೆ. ಮುಚ್ಚಿದ ಶೆಡ್‌ನಲ್ಲಿ ಕೆಂಡ ಜೀವಕ್ಕೂ ಅಪಾಯ. ಪಿಯು (ಪಾಲಿಯುರೆಥೇನ್ ಅನ್ನೋ ಇನ್ನೊಂದು ಬಗೆಯ ಕೋಟಿಂಗ್) ಹಾಕಿದರೆ ಈ ತಾಪತ್ರಯ ಇಲ್ಲ ಅನ್ನುವವರೂ ಇದ್ದಾರೆ. ಅದರ ಹಾರ್ಡ್‌ನರ್‌ಗೆ ನೀರು ತಗುಲಿದರೆ ಗ್ಯಾಸ್ ಎದ್ದು ಗುಳ್ಳೆ ಬರುತ್ತದೆ, ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ನೆಲಕ್ಕೆ ಬರೋಣ. ಇದರ ಮೇಲೆ ಹಾಗೇ ಇನ್ನೊಂದು ಕೋಟ್ ಹಾಕಿಸಬೇಡಿ, ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಥಿನ್ನರ್‌ನಲ್ಲೂ ಒರೆಸಬೇಡಿ, ಜಿಡ್ಡು ಹರಡುತ್ತದೆ ಅಷ್ಟೇ. ಕೋಟ್ ಪೂರ್ತಿ ಗಟ್ಟಿಯಾದ ಮೇಲೆ ಬೆಚ್ಚಗಿನ ನೀರು ಹಾಕಿ ಸ್ಕ್ರಬರ್‌ನಲ್ಲಿ ಉಜ್ಜಿ, ಕೊಳೆ ನೀರು ಅಲ್ಲೇ ಆರೋಕೆ ಬಿಡದೆ ಒರೆಸಿ ತೆಗೆಯಿರಿ. ಆ ಪೊರೆ ನೀರಿಗೆ ಕರಗುತ್ತದೆ. ಪೂರ್ತಿ ಆರಿದ ಮೇಲೆ ಸ್ಯಾಂಡ್‌ಪೇಪರ್ ಹೊಡೆಸಿ ಮುಂದಿನ ಕೋಟ್ ಹಾಕಿ. ತೊಳೆದ ಮೇಲೂ, ನಾಲ್ಕು ದಿನ ಬಿಸಿಲು ಕಂಡ ಮೇಲೂ ಉಗುರು ಒತ್ತಿದರೆ ಗುರುತು ಬೀಳುತ್ತಿದ್ದರೆ ಮಾತ್ರ ತೇವದ ಮೇಲೆ ತಪ್ಪು ಹೊರಿಸಬೇಡಿ. ಹೆಚ್ಚಾಗಿ ಅದು ಎರಡು ಡಬ್ಬಿಯ ಅಳತೆ ಹೆಚ್ಚುಕಮ್ಮಿಯಾದದ್ದು, ಇಲ್ಲಾ ಸರಿಯಾಗಿ ಕಲಸದೇ ಇದ್ದದ್ದು. ಅದನ್ನು ಕೆರೆದು ತೆಗೆದು ಹೊಸದಾಗಿಯೇ ಹಾಕಿಸಬೇಕು, ಕಾಂಟ್ರ್ಯಾಕ್ಟರ್ ಖರ್ಚಿನಲ್ಲಿ.